ಹರಿದ ಪಟ್ಟಿಗಳ ಶಾಲೆ

"ಆ ಸ್ಕೂಲಿಗೆ ಮಗಳನ್ನ ಹಾಕೋ ಬದ್ಲು ಮನೇಲೇ ಇಟ್ಕೊಳ್ಳಿ ಅಂತೀನಿ ನಾನು. ಅಲ್ಲಿ ಓದೋದು ಕಮ್ಮಿ, ಒದೆಯೋದು ಜಾಸ್ತಿ," ಎಂದ ಪಕ್ಕದ ಅಂಗಡಿಯ ಬೀಗದವನು, ಕೈಯಲ್ಲಿದ್ದ ಅರವನ್ನು ಕೆಳಗಿಡದೆ.

"ನಿನ್ನನ್ನ ಯಾರಪ್ಪ ಕೇಳಿದ್ರು?" ಎಂದಳು ಬ್ಯಾಗ್ ರಿಪೇರಿಯವನ ಹೆಂಡತಿ. ಆಸ್ಪತ್ರೆಯ ಆಯಾ ಕೆಲಸ ಮುಗಿಸಿ ನೇರ ಗಂಡನ ಅಂಗಡಿಗೆ ಬಂದಿದ್ದಳು. ದಿನವಿಡೀ ನಿಂತಿದ್ದ ಕಾಲುಗಳು ಇನ್ನೂ ನಿಂತೇ ಇದ್ದವು, ಏಕೆಂದರೆ ಅಲ್ಲಿದ್ದ ಒಂದೇ ಸ್ಟೂಲಿನ ಮೇಲೆ ಗಂಡ ಕೂತಿದ್ದ.

"ಬೇಜಾರು ಮಾಡ್ಕೋಬೇಡಿ ಅತ್ತಿಗೆ. ಯಾವ ಬೀಗ ತಂದುಕೊಟ್ರೂ ತೆಗೀತೀನಿ ನಾನು, ನಿಮ್ಮ ಗಿಣಿ ಬಾಯಿದೊಂದು ಬಿಟ್ಟು."

"ಮೊದ್ಲು ನಿನ್ನ ಬಾಯಿಗೊಂದು ಹಾಕ್ಕೋ."

ಬೀಗದವನು ನಕ್ಕು ಒಳಗೆ ಹೋದ. ಬ್ಯಾಗಿನವನು ನಗಲಿಲ್ಲ. ಮೆಟ್ಟಿಲ ಕೆಳಗಿನ ಆ ಗೂಡಿನಂಥ ಅಂಗಡಿಯಲ್ಲಿ ಒಂದು ಹೊಲಿಗೆ ಯಂತ್ರ, ಮೊಳೆಗೆ ನೇತುಹಾಕಿದ ಜಿಪ್ಪುಗಳು, ರಿಪೇರಿಗೆ ಬಂದ ಚೀಲಗಳ ರಾಶಿ. ಆ ರಾಶಿಗೆ ಒರಗಿ ಮಗಳು ಗಿಣಿ ಕೂತಿದ್ದಳು. ಮನೆಯಲ್ಲಿ ಬೆಳಗಾದರೆ ಅವಳ ಬಾಯಿ ಮುಚ್ಚಿಸುವುದೇ ಕಷ್ಟ. ಹಲ್ಲುಜ್ಜುತ್ತಲೂ ಕಥೆ ಹೇಳುವ ಹುಡುಗಿ. ಹೊಸ್ತಿಲು ದಾಟಿದರೆ ಮುಗಿಯಿತು. ತುಟಿ ಬಿಗಿದುಕೊಂಡುಬಿಡುತ್ತಿದ್ದಳು. ಅದು ಹಟವಲ್ಲ, ಒಳಗಿನ ಹೆದರಿಕೆ, ಒತ್ತಾಯ ಮಾಡಬೇಡಿ, ಆದರೆ ಮನೆಯಲ್ಲಿ ಮಾತ್ರ ಕೂರಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಇದ್ದ ಶಾಲೆಯವರಿಗೆ ಅಷ್ಟು ತಾಳ್ಮೆ ಇರಲಿಲ್ಲ. ನಿಮ್ಮ ಮಗಳ ಧ್ವನಿ ಹೇಗಿದೆ ಅಂತಲೇ ನಮಗೆ ಗೊತ್ತಿಲ್ಲ, ಬೇರೆ ಕಡೆ ನೋಡಿಕೊಳ್ಳಿ ಅಂದಿದ್ದರು. ಬೇರೆ ಕಡೆಯೆಲ್ಲ ನೋಡಿಯಾಗಿತ್ತು. ಹೋದಲ್ಲೆಲ್ಲ ಮಗುವಿನ ಹೆಸರು ಕೇಳುವರು, ಇವಳು ನೆಲ ನೋಡುವಳು, ಅವರು ಬಾಗಿಲು ತೋರಿಸುವರು. ಇನ್ನು ಉಳಿದದ್ದು ಬೀದಿಯ ಕೊನೆಯ ಸರ್ಕಾರಿ ಮಾಧ್ಯಮಿಕ ಶಾಲೆ ಒಂದೇ. ಅಲ್ಲಿಯೂ ನಾಳೆಗೆ ಸೇರಿಸಿಕೊಳ್ಳುವುದು ಮುಗಿಯುತ್ತಿತ್ತು.

"ನೋಡೇ ಇಲ್ಲಿ," ಎಂದು ಬ್ಯಾಗಿನವನು ರಾಶಿಯಿಂದ ಒಂದು ಚೀಲ ಎಳೆದ. ಆಮೇಲೆ ಇನ್ನೊಂದು. "ಇದೂ ಆ ಸ್ಕೂಲಿಂದು. ಇದೂ. ಹೊತ್ತು ಸವೆದ ಪಟ್ಟಿ ಕೆಳಗಡೆ ಹರಿಯುತ್ತೆ. ಇವು ಮೇಲಿನ ಹೊಲಿಗೇಲೇ ಕಿತ್ಕೊಂಡು ಬಂದಿವೆ, ಅದೂ ಒಂದೇ ಕಡೆ. ಯಾರೋ ಹಿಂದಿನಿಂದ ಹಿಡಿದು ಜಗ್ಗಿರೋದು ಇದು."

"ಮಕ್ಕಳು ಅಂದಮೇಲೆ ಎಳೆದಾಡ್ತಾರಪ್ಪ."

"ಬೇರೆ ಮಕ್ಕಳಾದ್ರೆ ಬಿಡೋ ಅಂತಾವೆ, ಟೀಚರ್ ಅಂತ ಕಿರುಚ್ತಾವೆ." ಅವನು ದನಿ ತಗ್ಗಿಸಿದ. "ಇವಳು ಏನಂತಾಳೆ? ಗೋಡೆಗೆ ಒತ್ತಿ ಹಿಡಿದ್ರೂ ಇವಳ ಗಂಟಲಿಂದ ಚಕಾರ ಹೊರಡಲ್ಲ ಕಣೇ."

ಹೆಂಡತಿ ಹರಿದ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನಾಳೆ ಹೋಗಿ ನೋಡೋಣ ರೀ," ಎಂದಳು ಕೊನೆಗೆ. "ನೋಡೋದಕ್ಕೂ ಹೆದರಿದ್ರೆ ಹೇಗೆ?"

ಮರುದಿನ ಮೂವರೂ ಹೋದರು. ಶಾಲೆ ಎಂದರೆ ಉದ್ದನೆಯ ಹಳೇ ಕಟ್ಟಡ, ಕಬ್ಬಿಣದ ಕಂಬಗಳ ಜಗಲಿ, ಒಳಗೆ ಜೇನುಗೂಡಿಗೆ ಕಲ್ಲು ಬಿದ್ದಂಥ ಸದ್ದು. ಹೆಡ್ ಮೇಡಂ ಒಂದು ತರಗತಿಯ ಬಾಗಿಲಲ್ಲೇ ಸಿಕ್ಕರು. ಕೂದಲಿಗೆಲ್ಲ ಸೀಮೆಸುಣ್ಣದ ಪುಡಿ. ಗಿಣಿಯ ಹೆಸರನ್ನು ಅವರು ತಾಯಿಯನ್ನು ಕೇಳಿದರೇ ಹೊರತು ಹುಡುಗಿಯನ್ನು ಕೇಳಲಿಲ್ಲ. ಅಷ್ಟಕ್ಕೇ ತಾಯಿಯ ಕಣ್ಣು ತುಂಬಿತು.

ಬ್ಯಾಗಿನವನು ಮಾತ್ರ ಮನಸ್ಸು ಕಲ್ಲು ಮಾಡಿಕೊಂಡು ಬಂದಿದ್ದ. "ನಾನು ಚೀಲ ರಿಪೇರಿಯವನು ಮೇಡಂ. ನಿಮ್ಮ ಮಕ್ಕಳ ಚೀಲದ ಪಟ್ಟಿಗಳನ್ನ ಹೊಲಿದು ಹೊಲಿದು ಸಾಕಾಗಿದೆ. ಇಲ್ಲಿ ಹೊಡೆದಾಟ ಅಷ್ಟೊಂದಿದೆಯಾ?"

ಮೇಡಂ ಅರ್ಥವಾಗದೆ ಅವನ ಮುಖ ನೋಡಿದರು. ಆಮೇಲೆ ಸ್ವಲ್ಪ ಸರಿದು ನಿಂತು, "ಪಟ್ಟೀನಾ? ನೀವೇ ನೋಡಿ," ಎಂದರು.

ಅವನು ಕತ್ತು ಚಾಚಿದ. ಕಿಟಕಿಯ ಸರಳು ಸರಳಿಗೂ ಚೀಲಗಳು ಜೋತಾಡುತ್ತಿದ್ದವು. ಒಂದೇ ಪಟ್ಟಿಯಲ್ಲಿ ನೇತಾಡುವ ಚೀಲದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಹೊಟ್ಟೆ ಬಿರಿಯುವಷ್ಟು ಪುಸ್ತಕ ತುಂಬಿಕೊಂಡು. ಯಾವ ಹೊಲಿಗೆ ತಡೆದೀತು ಆ ಭಾರ?

"ಬೆಂಚಲ್ಲಿ ಮಕ್ಕಳಿಗೇ ಜಾಗ ಇಲ್ಲ, ಚೀಲ ಎಲ್ಲಿಡೋಣ ಹೇಳಿ. ಕೆಳಗಿಟ್ರೆ ತುಳಿದುಹಾಕ್ತಾವೆ," ಎಂದರು ಮೇಡಂ.

ಯಾರೂ ಯಾರನ್ನೂ ಜಗ್ಗಿರಲಿಲ್ಲ. ಬ್ಯಾಗಿನವನು ತನ್ನ ಪೆದ್ದುತನಕ್ಕೆ ತಾನೇ ನಗಬೇಕೆಂದು ಹೆಂಡತಿಯ ಕಡೆ ತಿರುಗಿದ. ಅವಳು ಚೀಲಗಳನ್ನು ನೋಡುತ್ತಿರಲಿಲ್ಲ. ಬೆಂಚುಗಳನ್ನು ನೋಡುತ್ತಿದ್ದಳು. ಅವನೂ ಅತ್ತ ನೋಡಿದ. ಒಂದೊಂದು ಬೆಂಚಿನಲ್ಲೂ ಮಕ್ಕಳು ಭುಜಕ್ಕೆ ಭುಜ ತಾಗಿಸಿ, ತುದಿಯಲ್ಲಿದ್ದವರು ಅರ್ಧ ಹೊರಗೇ ಕೂತು ಒಂದು ಕಾಲನ್ನು ನೆಲಕ್ಕೆ ಊರಿದ್ದರು.

"ಮೇಡಂ," ಎಂದ, ಈ ಸಲ ಬೇಡುವವನ ಹಾಗೆ. "ಮಾತೇ ಆಡದ ಮಗು ಇಷ್ಟು ಮಕ್ಕಳ ಮಧ್ಯೆ ನಿಮ್ಮ ಕಣ್ಣಿಗೆ ಬೀಳುತ್ತಾ?"

ಅವರು ಸೆರಗಿನಿಂದ ಕೈಯ ಪುಡಿ ಒರೆಸಿಕೊಂಡರು. "ನಿಮಗ್ಯಾಕೆ ಸುಳ್ಳು ಹೇಳ್ಲಿ? ಗಲಾಟೆ ಮಾಡೋರು ಮೊದ್ಲು ಕಣ್ಣಿಗೆ ಬೀಳ್ತಾರೆ. ಸುಮ್ನೆ ಕೂರೋರು ಸಾಯಂಕಾಲ ನಾನು ಮನೆಗೆ ಹೋದ್ಮೇಲೆ ನೆನಪಿಗೆ ಬರ್ತಾರೆ. ಕಳಿಸಿ, ಬೇಡ ಅನ್ನಲ್ಲ. ನೋಡ್ಕೋತೀನಿ ಅಂತ ಎದೆ ತಟ್ಟಿ ಹೇಳೋಕೆ ಮಾತ್ರ ಆಗಲ್ಲ."

ಒಳಗೆ ಯಾರೋ ಕೂಗಿದರೆಂದು ಮೇಡಂ ತರಗತಿಗೆ ಹೋದರು. ಗಂಡಹೆಂಡಿರು ಜಗಲಿಯಲ್ಲಿ ಉಳಿದರು. ಗಿಣಿ ಅಷ್ಟು ದೂರದಲ್ಲಿ ಕಂಬಕ್ಕೆ ಆತುಕೊಂಡಿದ್ದಳು.

"ಬೇಡ ಕಣೇ. ಅಂಗಡಿಗೇ ಕರ್ಕೊಂಡು ಹೋಗ್ತೀನಿ. ಜಿಪ್ಪು ಹಾಕೋದು ಕಲೀಲಿ."

"ಆ ಬೀಗದವನ ಎದುರಿಗೂ ಬಾಯಿ ಬಿಡಲ್ಲ ಅವಳು. ಇನ್ನು ನಿಮ್ಮ ಮೆಟ್ಟಿಲ ಕೆಳಗೆ ಕೂತ್ರೆ ಬಿಡ್ತಾಳಾ?"

"ಇಲ್ಲಿ ಕಳೆದುಹೋಗ್ತಾಳೆ."

"ಅಲ್ಲಿ ಕೊಳೆತುಹೋಗ್ತಾಳೆ ರೀ." ಅವಳು ಅವನ ತೋಳು ಹಿಡಿದಳು. "ನಾವಿಲ್ಲದ ಕಾಲಕ್ಕೆ ಯಾರ ಹತ್ರ ಮಾತಾಡ್ತಾಳೆ ಅವಳು? ಹೇಳಿ. ಅದೊಂದು ಹೇಳಿ, ಈಗ್ಲೇ ವಾಪಸ್ ಹೋಗೋಣ."

ಅವನು ಹೇಳುವ ಮೊದಲೇ ಗಂಟೆ ಹೊಡೆಯಿತು. ಬಾಗಿಲುಗಳಿಂದ ಮಕ್ಕಳು ಕಟ್ಟೆಯೊಡೆದ ನೀರಿನ ಹಾಗೆ ನುಗ್ಗಿದರು. ಇವರಿಬ್ಬರ ಸೊಂಟಕ್ಕೆ, ಮೊಣಕೈಗೆ ಬಡಿಯುತ್ತಾ ದಾಟಿದರು. ಅವನು ತಿರುಗಿ ನೋಡುವಷ್ಟರಲ್ಲಿ ಕಂಬದ ಬಳಿ ಗಿಣಿ ಇರಲಿಲ್ಲ.

"ಎಲ್ರೀ ಅವಳು?"

"ಇಲ್ಲೇ ಇದ್ದಳಲ್ಲ. ಗಿಣೀ... ಪುಟ್ಟೀ, ಎಲ್ಲಿದೀಯೇ?"

ಕೂಗಿದ ಮೇಲೆ ಅವನಿಗೆ ತಿಳಿಯಿತು, ಕೂಗಿ ಏನು ಪ್ರಯೋಜನ ಎಂದು. ತಲೆಗಳೆಲ್ಲ ಒಂದೇ ಬಗೆ, ಎರಡು ಜಡೆಗಳೆಲ್ಲ ಅವಳವೇ. ಎದುರಾದ ಮಕ್ಕಳ ಭುಜಗಳನ್ನೆಲ್ಲ ಹಿಡಿದು ತಿರುಗಿಸಿದ. ಹೆಂಡತಿ ಇನ್ನೊಂದು ತುದಿಗೆ ಓಡಿದಳು.

ಆಗ ಗದ್ದಲದ ನಡುವಿನಿಂದ ಟಣ್ ಎಂದು ಒಂದು ಸದ್ದು ಬಂತು. ಮತ್ತೊಂದು. ಬಿಟ್ಟುಬಿಡದೆ ಇನ್ನೂ ಒಂದು. ಜಗಲಿಯ ಕಡೆಯ ಕಂಬದ ಹತ್ತಿರ, ಮಕ್ಕಳ ನೂಕಾಟದಲ್ಲಿ ಅಲ್ಲಿವರೆಗೆ ಸರಿದುಹೋಗಿದ್ದ ಗಿಣಿ ಒಂದು ಕಾಲಿನ ಬೂಟು ಕಳಚಿ ಅದರ ಹಿಮ್ಮಡಿಯಿಂದ ಕಬ್ಬಿಣವನ್ನು ಬಡಿಯುತ್ತಿದ್ದಳು. ತುಟಿ ಬಿಗಿದೇ ಇತ್ತು, ಕಣ್ಣು ನೆಲದ ಮೇಲೇ ಇತ್ತು. ಪಕ್ಕದಲ್ಲಿ ಓಡುತ್ತಿದ್ದ ಮಕ್ಕಳು ಒಬ್ಬೊಬ್ಬರಾಗಿ ನಿಂತು ಅವಳತ್ತ ತಿರುಗಿದರು.