ಗೆರೆಯ ಮೇಲಿನ ಬಿಳಿ ಹೆಸರು

ಶಿವಪ್ರಕಾಶ ಕಬ್ಬಿಣದ ಸ್ಟೂಲನ್ನೇ ಎತ್ತಿ ಬೀಸಿದ. ಹೇಮಂತ ತಲೆ ಉಳಿಸಿಕೊಂಡ, ಭುಜ ಉಳಿಸಿಕೊಳ್ಳಲಾಗಲಿಲ್ಲ. ಹಾಡಹಗಲು ಹನ್ನೊಂದು ಗಂಟೆ; ಹಿಮಾಯತ್‌ನಗರದ ಆ ಮೂರನೇ ಮಹಡಿಯ ಅಕ್ಷರಜೋಡಣೆಯ ಕೋಣೆಯಲ್ಲಿ ಬಿಡಿಸಲು ಒಂದು ನರಪಿಳ್ಳೆಯೂ ಇರಲಿಲ್ಲ.

"ನಮ್ಮವ್ವನ ಹೆಸರು ಯಾಕ ಬಯಲ ಮಾಡಿದಿ? ಬಂಡೆಪ್ಪನ ಮಂದಿ ಅಕಿ ದವಡಿ ಮುರದು ಹೋಗ್ಯಾರ!"

ಬಂಡೆಪ್ಪ ಕಾಚಿಗೂಡದಲ್ಲಿ ಲಾಡ್ಜ್ ನಡೆಸುವವನು. ತನ್ನ ಕೆಲಸದಾಳೊಬ್ಬನನ್ನು ಸಲಾಕೆಯಿಂದ ಬಡಿದು ಕೊಂದಿದ್ದ. ಕಣ್ಣಾರೆ ಕಂಡವರು ಇಬ್ಬರೇ: ಅಲ್ಲಿ ಬಟ್ಟೆ ಒಗೆಯುವ ಬಸಲಿಂಗಮ್ಮ ಮತ್ತು ವಾಚ್‌ಮನ್ ಪರಮೇಶ. ಕಾರ್ಮಿಕ ಸಂಘದವರು ಅವರ ಹೇಳಿಕೆಗಳನ್ನು ವರದಿ ಮಾಡಿದರು, ಹೇಮಂತ ಪುಟ ಕಟ್ಟಿಕೊಟ್ಟ. ಹೆಸರು ಬರುವಲ್ಲೆಲ್ಲ ಬರೀ ಗೆರೆ ಇರಬೇಕೆಂದು ಮಾತಾಗಿತ್ತು. ನಿನ್ನೆ ಸಂಜೆಯಿಂದ ಆ ಪಿಡಿಎಫ್ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತುತ್ತಿತ್ತು.

"ಹೆಸರು ಎಲ್ಲಿ ಅದರೀ? ಬರೇ ಗೆರಿ ಅದ, ನೀವ ನೋಡ್ರಿ."

ಶಿವಪ್ರಕಾಶ ಅವನ ಕೂದಲು ಹಿಡಿದು ಮುಖವನ್ನು ಕಂಪ್ಯೂಟರಿನ ಪರದೆಗೆ ಗುದ್ದಿದ. ಮೂಗಿನಿಂದ ರಕ್ತ ಇಳಿಯಿತು. ಇನ್ನೊಂದು ಕೈಯಿಂದ ಮೌಸನ್ನು ಗೆರೆಯ ಮೇಲೆ ಎಳೆದು, ಕಾಪಿ ಮಾಡಿ, ಖಾಲಿ ಪುಟಕ್ಕೆ ಅಂಟಿಸಿದ. 'ಬಸಲಿಂಗಮ್ಮ' ಎಂದು ಕಪ್ಪಗೆ ಮೂಡಿತು.

ಅಡಿಗೆರೆ ಎಳೆಯುವ ಆ ಪುಟ್ಟ ಪ್ರೋಗ್ರಾಂ, ಮ್ಯಾಕ್ರೋ, ಹೇಮಂತನ ಸ್ವಂತ ಕೈಚಳಕ. ಹೆಸರಿಗೆ ಒಂದು ಆಜ್ಞೆ ಹಚ್ಚಿದರೆ ಸಾಕು, ಅದರಷ್ಟೇ ಉದ್ದದ ಗೆರೆ ತಾನಾಗಿ ಬೀಳುತ್ತಿತ್ತು. ಹೆಸರು ತೆಗೆದರೆ ಅಳತೆ ತಪ್ಪಿ, ಸಾಲು ಕದಲಿ, ಕಟ್ಟಿದ ಪುಟವೆಲ್ಲ ಕೆಡುತ್ತದೆ. ಅದಕ್ಕೇ ಮಹಾಶಯ ಹೆಸರನ್ನು ಅಲ್ಲೇ ಬಿಟ್ಟು, ಮ್ಯಾಕ್ರೋದೊಳಗೆ ಅಕ್ಷರದ ಬಣ್ಣವನ್ನಷ್ಟೇ ಬಿಳಿ ಮಾಡಿದ್ದ. ಒಂದು ಸಾಲು ಬದಲಿಸಿ ಕೆಲಸ ಮುಗಿಸಿದೆನೆಂದು ಬೀಗಿದ್ದ. ಇಂಥ ಜಾಣತನಕ್ಕಿಷ್ಟು ಬೆಂಕಿ ಹಾಕಬೇಕು.

ಶಿವಪ್ರಕಾಶ ಅವನ ಬಲಗೈಯನ್ನು ಮೇಜಿನ ಡ್ರಾಯರಿಗೆ ತುರುಕಿ ಒದ್ದ. ಬೆರಳು ಮುರಿದ ಸದ್ದು ಇಬ್ಬರಿಗೂ ಕೇಳಿಸಿತು. ಹೇಮಂತ ಅರಚಿದ, ಆದರೆ ತಿರುಗಿ ಕೈಯೆತ್ತಲಿಲ್ಲ. ತಪ್ಪು ತನ್ನದೇ ಎಂಬ ಸಂಕಟ ಬೆರಳಿನ ನೋವಿಗಿಂತ ಹೆಚ್ಚಾಗಿತ್ತು.

"ಪರಮೇಶ!" ಎಂದ ಒಮ್ಮೆಲೇ. "ಪರಮೇಶನ ಹೆಸರೂ ಹಂಗ ಅದರೀ."

ಶಿವಪ್ರಕಾಶನ ಕೈ ಸಡಿಲವಾಯಿತು. ಹೇಮಂತ ಎಡಗೈಯಿಂದ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ಆರು ರಿಂಗಿನ ಮೇಲೆ ಯಾರೋ ಎತ್ತಿದರು.

"ಪರಮೇಶ, ಮೊದಲ ಮನಿ ಬಿಟ್ಟು ಓಡು!"

ಆ ಕಡೆ ಧಪ್ ಧಪ್ ಎಂದು ಬಡಿಯುವ ಸದ್ದು, ನಡುವೆ ಒಬ್ಬನ ನರಳಾಟ. ಆಮೇಲೆ ಅಪರಿಚಿತ ದನಿಯೊಂದು ನಿಧಾನವಾಗಿ ಹೇಳಿತು: "ಎಲ್ಲಿ ಓಡ್ತಾನ? ಒಂದು ಕಾಲು ಮುರದಾಗೇತಿ, ಇನ್ನೊಂದು ನಡದೈತಿ. ನೀ ಯಾರು?"

ಶಿವಪ್ರಕಾಶ ಬಾಗಿಲ ಬಳಿ ಓಡಿ, ತನ್ನ ಫೋನಿನಲ್ಲಿ ಪೊಲೀಸರಿಗೆ ಪರಮೇಶನ ಓಣಿಯ ಗುರುತು ಹೇಳತೊಡಗಿದ. ಅವರು ಮುಟ್ಟುವ ತನಕ ಆ ಎರಡನೇ ಕಾಲು ಉಳಿಯಬೇಕಿತ್ತು. ಹೇಮಂತ ಫೋನನ್ನು ಬಾಯಿಯ ಹತ್ತಿರ ಹಿಡಿದ.

"ನಾ ಹೇಮಂತ. ಆ ವರದಿಯ ಪುಟ ಕಟ್ಟಿದಾವ. ನೀವು ಹೊಡಿಯೂದು ಈಗ ಕೇಳೀನಿ, ಅದಕ್ಕ ನಾನೂ ಸಾಕ್ಷಿ. ಅವನ್ನ ಬಿಟ್ಟು ಇಲ್ಲಿ ಬರ್ರಿ. ಹಿಮಾಯತ್‌ನಗರ, ಮೂರನೇ ಮಹಡಿ."

ಬಡಿಯುವ ಸದ್ದು ನಿಂತಿತು. ಆ ಕಡೆಯವನು ವಿಳಾಸವನ್ನು ಇನ್ನೊಮ್ಮೆ ಕೇಳಿದ. ಹೇಮಂತ ಬಾಗಿಲಿನ ನಂಬರನ್ನೂ ಸೇರಿಸಿ ಬಿಡಿಸಿ ಹೇಳಿದ.