ಎಂಟೇ ವೋಲ್ಟು

ನನ್ನ ತಂಗಿಗೆ ಶವಾಗಾರದಲ್ಲಿ ಫೋಟೋ ತೆಗೆಯುವ ಕೆಲಸ. ಗುರುತು ಸಿಗದ ಹೆಣಗಳ ಮುಖ ಹಿಡಿದಿಟ್ಟರೆ, ಮನೆಯವರು ಹುಡುಕಿಕೊಂಡು ಬಂದಾಗ ತೋರಿಸಬಹುದು. ಫೋನಿನಲ್ಲಿ ಕ್ಯಾಮೆರಾ ಇಲ್ಲದ ಕಾಲವದು. ಆಫೀಸಿನ ಪುಣ್ಯಾತ್ಮರು ಹೊಸ ಡಿಜಿಟಲ್ ಕ್ಯಾಮೆರಾ ಕೊಟ್ಟರು, ಫ್ಲ್ಯಾಶ್ ಕೊಡಲಿಲ್ಲ. ಅವಳು ರೀಲ್ ಕಾಲದ ಫ್ಲ್ಯಾಶ್ ಹಿಡಿದುಕೊಂಡು ನನ್ನ ರಿಪೇರಿ ಅಂಗಡಿಗೆ ಬಂದಳು.

“ಅಣ್ಣಾ, ಇದನ್ನ ಹಾಕಬಹುದಾ? ಹಳೇ ಫ್ಲ್ಯಾಶಿಂದ ಇನ್ನೂರು ವೋಲ್ಟ್ ಬಂದು ಕ್ಯಾಮೆರಾ ಸುಟ್ಟೋಗುತ್ತಂತೆ.”

ಅಪ್ಪನ ಕಾಲದ ಮುಳ್ಳಿನ ಮೀಟರ್ ಹಚ್ಚಿ ನೋಡಿದೆ.

“ಎಂಟೇ ವೋಲ್ಟು. ಧೈರ್ಯವಾಗಿ ಹಾಕು.”

“ಪಕ್ಕದ ರೇಡಿಯೋ ಅಂಗಡೀಲಿ ಡಿಜಿಟಲ್ ಮೀಟರ್ ಇದೆಯಲ್ಲ, ಅದರಲ್ಲೂ ಒಂದ್ಸಲ...”

“ಮೊನ್ನೆ ಅಂಗಡಿ ಹಾಕಿದವನ ಮುಂದೆ ನಾನು ಕೈ ಚಾಚಬೇಕಾ? ನಂಗೇ ಪಾಠ ಹೇಳೋಕೆ ಬಂದ್ಬಿಟ್ಳು!”

ಮರುದಿನ ಹೊಳೆಯಲ್ಲಿ ಸಿಕ್ಕ ಹುಡುಗಿಯೊಬ್ಬಳನ್ನು ತಂದರು. ಗುರುತಿಗೆ ಮೈಮೇಲೆ ಏನೂ ಉಳಿದಿರಲಿಲ್ಲ. ಹೆಣ ಇಡುವ ಫ್ರಿಜ್ ಕೆಟ್ಟಿದ್ದರಿಂದ ಮಧ್ಯಾಹ್ನವೇ ಮಣ್ಣು ಮಾಡಲು ಆರ್ಡರಾಗಿತ್ತು. ತಂಗಿ ಗುಂಡಿ ಒತ್ತಿದಳು. ಫ್ಲ್ಯಾಶ್ ಮಿಂಚಿತು, ಕ್ಯಾಮೆರಾ ಸತ್ತಿತು. ಅವಳು ಓಡಿಬಂದು ನನ್ನ ರೀಲ್ ಕ್ಯಾಮೆರಾ ಕಿತ್ತುಕೊಂಡು ಹೋಗುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು.

ಆಮೇಲೆ ಮಾನ ಬಿಟ್ಟು ಪಕ್ಕದವನ ಮೀಟರ್ ತಂದೆ. ಇನ್ನೂರ ಮೂವತ್ತು! ಮುಳ್ಳಿನ ಮೀಟರ್ ಅಳೆಯುವಾಗಲೇ ಫ್ಲ್ಯಾಶಿನಿಂದ ಬರುವ ಅಷ್ಟಿಷ್ಟು ಕರೆಂಟನ್ನು ತಾನೇ ನುಂಗಿ ವೋಲ್ಟನ್ನು ಕಡಿಮೆ ತೋರಿಸುತ್ತದೆ. ಕಸುಬಿನವನಿಗೆ ತಿಳಿದಿರಬೇಕಾದ ವಿಷಯ. ನನ್ನ ಕೊಬ್ಬಿಗೆ ಬೆಂಕಿ ಬೀಳಲಿ.

ಎಂಟು ದಿನಕ್ಕೆ ತಂಗಿ ಒಬ್ಬ ಹೆಂಗಸನ್ನು ಅಂಗಡಿಗೆ ಕರೆತಂದಳು. ಆಕೆಯ ಕೈಯಲ್ಲಿ ಕಾಣೆಯಾದ ಮಗಳ ಫೋಟೋ ಇತ್ತು.

“ಹೊಳೇಲಿ ಸಿಕ್ಕ ಹುಡುಗಿ ಫೋಟೋ ಯಾಕಿಲ್ಲ ಅಂತ ಇವರಿಗೆ ನೀನೇ ಹೇಳಣ್ಣ.”

ಒಂದೂ ಮುಚ್ಚಿಡದೆ ಹೇಳಿ ಕೈ ಮುಗಿದೆ. ಉಗಿದಿದ್ದರೆ ಎಷ್ಟೋ ವಾಸಿಯಿತ್ತು. ಆಕೆ ತಂಗಿಯತ್ತ ತಿರುಗಿದಳು.

“ನೀನು ನೋಡಿದ್ಯಲ್ಲಮ್ಮ. ಇವಳೇನಾ?”

“ಎರಡು ದಿನ ನೀರಲ್ಲಿದ್ದ ಮುಖ, ಅಮ್ಮಾ. ಫೋಟೋ ಇದ್ದಿದ್ರೆ ಹೆತ್ತವರು ನೀವು ಗುರುತು ಹಿಡೀತಿದ್ರಿ. ನಂಗೆ ಹೇಳೋಕಾಗ್ತಿಲ್ಲ.”

ಆಕೆಯ ಮುಖ ಅರಳಿತು.

“ಹಾಗಾದ್ರೆ ನನ್ನ ಮಗಳು ಎಲ್ಲೋ ಇರಬಹುದು, ಅಲ್ವಾ?”

ಆಕೆ ಫೋಟೋವನ್ನು ಚೀಲದೊಳಗಿಟ್ಟು, ಮುಂದಿನ ಊರಿಗೆ ಬಸ್ಸು ಎಷ್ಟು ಹೊತ್ತಿಗೆಂದು ನನ್ನನ್ನೇ ಕೇಳಿದಳು.