ಮೀಟರಿನ ಜಗಳ

ಗೆಜ್ಜಲಗೆರೆಯ ಕಾರ್ಖಾನೆಗೆ ಹೋಗುವ ರೂಪ ಮತ್ತು ತೂಬಾ ಮದ್ದೂರಿನಲ್ಲಿ ಸೇರಿ ಬಾಡಿಗೆ ಮನೆ ಹಿಡಿದರು. ಇನ್ನೂರು ಯೂನಿಟ್ಟಿನವರೆಗೆ ಕರೆಂಟು ಪುಕ್ಕಟೆಯೆಂದು ತಿಂಗಳ ಖರ್ಚಿನಲ್ಲಿ ಅದಕ್ಕೆ ದುಡ್ಡೇ ಎತ್ತಿಟ್ಟಿರಲಿಲ್ಲ. ಮೊದಲ ಬಿಲ್ಲೇ ಸಾವಿರದ ಏಳುನೂರು ಬಂದಾಗ ರೂಪಳಿಗೆ ಮೈಯೆಲ್ಲ ಉರಿಯಿತು.

“ದಿನಾ ಇಸ್ತ್ರಿ ಉಜ್ಜೋಳು ನೀನು. ನೀನೇ ಕಟ್ಕೊ!”

“ಕೆಳಗಿನ ಮೋಟ್ರು ಕಡೆ ಕಿವಿ ಕೊಡು,” ಎಂದು ತೂಬಾ ಮೇನ್ ಸ್ವಿಚ್ ಆರಿಸಿದಳು. ಮನೆ ಮಾಲೀಕ ಹೊನ್ನಯ್ಯನ ನೀರಿನ ಮೋಟಾರು ಗಕ್ಕನೆ ನಿಂತಿತು.

ರೂಪ ದಡದಡನೆ ಮೆಟ್ಟಿಲಿಳಿದಳು. “ನಿಮ್ ಮೋಟ್ರು ನಮ್ ಮೀಟ್ರಲ್ಲಿ ಓಡ್ತದಲ್ಲ, ನಾಚ್ಕೆ ಆಗಾಕಿಲ್ವಾ?”

“ಅಂಗೇ ಇರೋದು ಕಣಮ್ಮ. ಬ್ಯಾಡ್ವಾದ್ರೆ ಮನೆ ಖಾಲಿ ಮಾಡು.”

“ವೈರು ಕೀಳೋಗಂಟ ಸ್ವಿಚ್ ಆಕಾಕಿಲ್ಲ!”

ಎರಡು ದಿನ ರೂಪ, ತೂಬಾ ಇಬ್ಬರೂ ಫ್ಯಾನಿಲ್ಲದೆ ಬೆಂದರು. ಮೂರನೆಯ ದಿನ ಹೊನ್ನಯ್ಯ ಗೊಣಗುತ್ತಲೇ ವೈರು ಬದಲಿಸಿದ, ಬಿಲ್ಲನ್ನೂ ಕಟ್ಟಿದ. ಇಸ್ತ್ರಿಯ ಮಾತಿಗೆ ಮುನಿದ ತೂಬಾ ಮಾತ್ರ ವಾರವಾದರೂ ರೂಪಳ ಜೊತೆ ಮಾತಾಡಲಿಲ್ಲ.